ಪರದೇಶಿಯ ಭಾನುವಾರ

ಓದಿಗೆಂದೋ ಕೆಲಸಕ್ಕೆಂದೋ ಜರ್ಮನಿಗೆ ಹೋದ ನಮ್ಮ ಹುಡುಗ ಹುಡುಗಿಯರು ಅಲ್ಲಿಯ ಚಳಿಗೆ ಹೇಗೋ ಒಗ್ಗಿಕೊಳ್ಳುತ್ತಾರೆ. ಒಗ್ಗಲು ತಡವಾಗುವುದು ಅಲ್ಲಿಯ ಭಾನುವಾರ. ಮ್ಯೂನಿಕ್‌ನಲ್ಲಿ ಶನಿವಾರ ರಾತ್ರಿ ಎಂಟಕ್ಕೆ ಬಾಗಿಲು ಹಾಕಿದ ದಿನಸಿ ಅಂಗಡಿ ಮತ್ತೆ ತೆರೆಯುವುದು ಸೋಮವಾರ ಬೆಳಿಗ್ಗೆಯೇ. ನಡುವೆ ಹಾಲು ಮುಗಿದರೆ ದೊಡ್ಡ ರೈಲು ನಿಲ್ದಾಣದ ಅಂಗಡಿಯನ್ನೋ ಪೆಟ್ರೋಲ್ ಬಂಕನ್ನೋ ಹುಡುಕಿಕೊಂಡು ಹೋಗಬೇಕು. ಬೇಕರಿಗಳು ಬೆಳಿಗ್ಗೆ ಕೆಲವು ತಾಸು ತೆರೆದಿದ್ದು ಮುಚ್ಚುತ್ತವೆ. ಅಂದು ಗೋಡೆಗೆ ಡ್ರಿಲ್ಲಿಂಗ್ ಮಾಡುವಂತಿಲ್ಲ, ಖಾಲಿ ಗಾಜಿನ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಹಾಕಿ ಸದ್ದು ಮಾಡುವಂತಿಲ್ಲ. ಭಾನುವಾರವೆಂದರೆ ಪೇಟೆಗೆ ಹೋಗುವ ದಿನ ಎಂದು ತಿಳಿದು ಬೆಂಗಳೂರಿನಲ್ಲಿ ಬೆಳೆದವರಿಗೆ ಇದು ಮೊದಮೊದಲು ಹಿಂಸೆ. ನಾನು ದುಡಿದು ಗಳಿಸಿದ ರಜೆಯನ್ನು ಹೇಗೆ ಕಳೆಯಬೇಕೆಂದು ಹೇಳಲು ಸರಕಾರ ಯಾರು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಆ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಕೂತಿದೆ, ಧರ್ಮಗಳು ಬಹಳ ಹಿಂದಿನಿಂದ ಕೇಳುತ್ತ ಬಂದದ್ದು: ಬಿಡುವು ನಾನು ಗಳಿಸಿದ ಸೊತ್ತೇ, ಅಥವಾ ನಾನು ಇನ್ನೊಬ್ಬರಿಗೆ ತೀರಿಸಬೇಕಾದ ಋಣವೇ?

ಜರ್ಮನಿಯ ಸಂವಿಧಾನದ ಉತ್ತರ ಕುತೂಹಲದ್ದು. 1919ರ ವೈಮಾರ್ ಸಂವಿಧಾನದ 139ನೆಯ ವಿಧಿ ಭಾನುವಾರವನ್ನೂ ಸಾರ್ವತ್ರಿಕ ರಜಾದಿನಗಳನ್ನೂ ಎರಡು ಕಾರಣಕ್ಕೆ ಕಾಪಾಡಬೇಕೆಂದಿತು: ದುಡಿಮೆಯಿಂದ ವಿಶ್ರಾಂತಿ ಸಿಗಲಿ, ಮನಸ್ಸು ಅಥವಾ ಆತ್ಮ ಮೇಲೇರಲಿ. ಎರಡನೆಯ ಮಹಾಯುದ್ಧದ ನಂತರ 1949ರಲ್ಲಿ ಬರೆದ ಸಂವಿಧಾನ 140ನೆಯ ವಿಧಿಯ ಮೂಲಕ ಆ ಮಾತನ್ನು ಹಾಗೆಯೇ ಉಳಿಸಿಕೊಂಡಿತು. ಆಧುನಿಕ ರಾಜ್ಯವೊಂದರ ಮೂಲ ಕಾನೂನಿನಲ್ಲಿ ಆತ್ಮದ ಏಳಿಗೆಗೆ ಒಂದು ದಿನ ಗೊತ್ತುಮಾಡಿದ್ದು ಅಪರೂಪವೇ. ಇದು ಬರೀ ಅಲಂಕಾರದ ಮಾತಾಗಿಯೂ ಉಳಿದಿಲ್ಲ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕೂ ಭಾನುವಾರ ಅಂಗಡಿ ತೆರೆಯಲು ಬರ್ಲಿನ್ ರಾಜ್ಯ ಅವಕಾಶ ಕೊಟ್ಟಾಗ ಚರ್ಚುಗಳು ಸಂವಿಧಾನ ನ್ಯಾಯಾಲಯಕ್ಕೆ ಹೋದವು. 2009ರ ಡಿಸೆಂಬರ್ 1ರಂದು ನ್ಯಾಯಾಲಯ ಅವುಗಳ ಪರವಾಗಿ ತೀರ್ಪು ಕೊಟ್ಟಿತು. ವ್ಯಾಪಾರಿಗಳ ಲಾಭದ ಆಸೆ, ಗಿರಾಕಿಗಳ ಕೊಳ್ಳುವ ಆಸೆ, ಇವಿಷ್ಟೇ ಆ ದಿನದ ಮೌನವನ್ನು ಮುರಿಯಲು ಸಾಕಾದ ಕಾರಣಗಳಲ್ಲ ಎಂಬುದು ಆ ತೀರ್ಪಿನ ತಿರುಳು.

ಈ ಮೌನದೊಳಗೆ ಬಂದು ಬಿದ್ದ ಇಪ್ಪತ್ತೈದರ ಹುಡುಗನ ವಾರವನ್ನು ನೋಡಿ. ಸೋಮವಾರದಿಂದ ಶುಕ್ರವಾರದವರೆಗೆ ಲ್ಯಾಬು, ಆಫೀಸು, ಭಾಷೆಯ ತರಗತಿ. ಶನಿವಾರ ಬಟ್ಟೆ ಒಗೆಯುವುದು, ಇಂಡಿಯನ್ ಸ್ಟೋರಿನಿಂದ ತೊಗರಿಬೇಳೆ ಸಾರಿನಪುಡಿ ತರುವುದು, ವಾರಕ್ಕಾಗುವಷ್ಟು ಹುಳಿ ಪಲ್ಯ ಮಾಡಿ ಡಬ್ಬಿಗಳಲ್ಲಿ ತುಂಬಿ ಫ್ರಿಜ್ಜಿಗೆ ಸೇರಿಸುವುದು. ಭಾನುವಾರ ಊರು ನೋಡುವ ಸರದಿ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದ ಡಾಯ್ಚ್‌ಲ್ಯಾಂಡ್ ಟಿಕೆಟ್ ಎಂಬ ತಿಂಗಳ ಪಾಸು ಬಂದ ಮೇಲಂತೂ, ಈಗ ಅದರ ಬೆಲೆ ಏರಿದ್ದರೂ, ದೇಶದ ಯಾವ ಮೂಲೆಗೂ ಪ್ರಾದೇಶಿಕ ರೈಲುಗಳಲ್ಲಿ ಹೋಗಿಬರಬಹುದು. ಒಂದು ವಾರ ನೊಯ್‌ಶ್ವಾನ್‌ಸ್ಟೈನ್ ಅರಮನೆ, ಇನ್ನೊಂದು ವಾರ 2962 ಮೀಟರ್ ಎತ್ತರದ ತ್ಸುಗ್‌ಶ್ಪಿಟ್ಸ ಶಿಖರ, ಮತ್ತೊಂದು ವಾರ ಗಡಿ ದಾಟಿ ಸಾಲ್ಜ್‌ಬರ್ಗ್. ಟಿಕೆಟ್ಟಿನ ದುಡ್ಡು ದಂಡವಾಗಬಾರದು, ಪಟ್ಟಿಯಲ್ಲಿದ್ದದ್ದು ಬಿಟ್ಟುಹೋಗಬಾರದು, ಫೋಟೊ ಊರಿಗೆ ಕಳಿಸಬೇಕು. ಇದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಅಷ್ಟು ದೂರ ಹೋಗಿ ಕೋಣೆಯಲ್ಲಿ ಕೂತಿರಬೇಕೆ? ಹೊಸ ನೆಲವನ್ನು ಕಣ್ತುಂಬ ನೋಡುವುದೂ ಒಂದು ಬಗೆಯ ಪೂಜೆಯೇ. ನನ್ನ ಅನುಮಾನ ಒಂದೇ. ಐದು ದಿನ ದುಡಿಮೆಯನ್ನು ಅಳೆದ ಅದೇ ಕೋಲಿನಿಂದ ಆರನೆಯ ಮತ್ತು ಏಳನೆಯ ದಿನವನ್ನೂ ಅಳೆಯತೊಡಗಿದರೆ, ಬಿಡುವು ಇನ್ನೊಂದು ಪಾಳಿಯ ಕೆಲಸವಾಗಿಬಿಡುತ್ತದೆ. ಬಿಡುವನ್ನು ಕೂಲಿಯಂತೆ ಕಂಡವನು ಅದನ್ನು ಖರ್ಚು ಮಾಡದೆ ಬೇರೇನೂ ಮಾಡಲಾರ.

ವಾರಕ್ಕೊಂದು ದಿನ ಕೆಲಸ ನಿಲ್ಲಿಸುವ ವಿಧಿ ಯೆಹೂದ್ಯರ ಧರ್ಮಗ್ರಂಥದಿಂದ ಬಂದದ್ದು. ದೇವರು ಆರು ದಿನ ಸೃಷ್ಟಿಸಿ ಏಳನೆಯ ದಿನ ದಣಿವಾರಿಸಿಕೊಂಡ ಎಂಬ ಕಾರಣ ಎಲ್ಲರಿಗೂ ಗೊತ್ತು. ಅದೇ ಗ್ರಂಥದಲ್ಲಿ ಇನ್ನೊಂದು ಕಾರಣವೂ ಇದೆ, ನನ್ನ ಪಾಲಿಗೆ ಅದೇ ಹೆಚ್ಚು ಬೆಲೆಯುಳ್ಳದ್ದು. ಧರ್ಮೋಪದೇಶಕಾಂಡದಲ್ಲಿ ಈ ವಿಶ್ರಾಂತಿಯ ದಿನದ, ಅಂದರೆ ಸಬ್ಬತ್ತಿನ, ಆಜ್ಞೆ ಬರುವಾಗ ಯಜಮಾನನ ಜತೆಗೆ ಅವನ ಆಳು, ದಾಸಿ, ಎತ್ತು, ಕತ್ತೆ, ಅವನ ಊರಿನಲ್ಲಿ ತಂಗಿರುವ ಪರದೇಶಿ ಎಲ್ಲರ ಹೆಸರೂ ಬರುತ್ತದೆ. ನೀವೂ ಒಂದು ಕಾಲಕ್ಕೆ ಈಜಿಪ್ಟಿನಲ್ಲಿ ದಾಸರಾಗಿದ್ದಿರಿ, ಅದನ್ನು ನೆನೆದು ನಿಮ್ಮಂತೆಯೇ ಅವರಿಗೂ ವಿಶ್ರಾಂತಿ ಕೊಡಿ ಎಂಬುದು ಅಲ್ಲಿಯ ವಾದ. ವಿಮೋಚನಕಾಂಡದ 23ನೆಯ ಅಧ್ಯಾಯ ಇದನ್ನೇ ಹೇಳುವಾಗ ದಾಸಿಯ ಮಗನಿಗೂ ಪರದೇಶಿಗೂ ಬಳಸಿದ ಹೀಬ್ರೂ ಕ್ರಿಯಾಪದ ಉಸಿರು, ಪ್ರಾಣ ಎಂಬ ಅರ್ಥದ ಮಾತಿನಿಂದ ಹುಟ್ಟಿದ್ದು. ಅವರು ಉಸಿರು ತಿರುಗಿ ಪಡೆಯಲಿ ಎಂಬಂತೆ. ಉಸಿರಾಡಲೂ ಪುರುಸೊತ್ತಿಲ್ಲ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಪರದೇಶಿ ಎಂಬ ಮಾತಿಗೆ ಹೊರನಾಡಿನವನು ಎಂಬ ಅರ್ಥದ ಜತೆಗೆ ದಿಕ್ಕಿಲ್ಲದವನು ಎಂಬ ಅರ್ಥವೂ ಇದೆ. ತನ್ನ ಪರವಾಗಿ ಮಾತಾಡುವವರಿಲ್ಲದವನ ಬಿಡುವನ್ನು ಉಳಿದವರು ಕಾಯಬೇಕು ಎಂಬುದೇ ಆ ಆಜ್ಞೆಯ ಜೀವ. ಗ್ರೀಕರೂ ಬಿಡುವನ್ನು ಎತ್ತರದಲ್ಲಿಟ್ಟವರು. ನಾವು ದುಡಿಯುವುದೇ ಬಿಡುವಿಗಾಗಿ ಎಂದು ಅರಿಸ್ಟಾಟಲ್ ವಾದಿಸಿದ. ಆದರೆ ಅವನ ನಾಗರಿಕನ ಬಿಡುವು ನಿಂತದ್ದು ಗುಲಾಮರ ಬೆನ್ನಿನ ಮೇಲೆ. ಗುಲಾಮನ ಉಸಿರನ್ನೂ ಲೆಕ್ಕಕ್ಕೆ ಹಿಡಿದ ಬಿಡುವು ಅದಕ್ಕಿಂತ ದೊಡ್ಡದೆಂದು ನನಗೆ ಅನ್ನಿಸುತ್ತದೆ.

ಎಲ್ಲರಿಗೂ ರಜೆ ಸಿಕ್ಕಿದರಾಯಿತು, ಒಂದೇ ದಿನ ಯಾಕೆ ಎಂದು ಕೇಳಬಹುದು. ಈ ಪ್ರಯೋಗವನ್ನು ಸೋವಿಯತ್ ಒಕ್ಕೂಟ ಮಾಡಿ ನೋಡಿದೆ. ಯಂತ್ರಗಳು ಒಂದು ದಿನವೂ ನಿಲ್ಲಬಾರದೆಂದು 1929ರಲ್ಲಿ ಅಲ್ಲಿ ಐದು ದಿನದ ವಾರ ಬಂತು. ಕಾರ್ಮಿಕರನ್ನು ಐದು ಗುಂಪು ಮಾಡಿ ಗುಂಪಿಗೊಂದು ಬಣ್ಣ, ಬಣ್ಣಕ್ಕೊಂದು ರಜೆ. ಏಳು ದಿನಕ್ಕೊಮ್ಮೆ ಬರುತ್ತಿದ್ದ ರಜೆ ಐದು ದಿನಕ್ಕೊಮ್ಮೆ ಬಂದದ್ದರಿಂದ ಲೆಕ್ಕದಲ್ಲಿ ಬಿಡುವು ಹೆಚ್ಚಾಯಿತು. ಜನ ಮಾತ್ರ ಸುಖಪಡಲಿಲ್ಲ. ಗಂಡನಿಗೆ ರಜೆಯಿದ್ದ ದಿನ ಹೆಂಡತಿ ಕಾರ್ಖಾನೆಯಲ್ಲಿ, ಗೆಳೆಯನಿಗೆ ರಜೆಯಿದ್ದ ದಿನ ತಾನು ಪಾಳಿಯಲ್ಲಿ. ಯಾರೂ ಮನೆಯಲ್ಲಿಲ್ಲದ ದಿನ ರಜೆ ಕೊಟ್ಟರೆ ಏನು ಮಾಡಲಿ ಎಂಬ ದೂರು ಎದ್ದಿತು. 1931ರಲ್ಲಿ ಆರು ದಿನದ ವಾರವಾಗಿ ಎಲ್ಲರಿಗೂ ಒಂದೇ ರಜೆ ಬಂತು, 1940ರಲ್ಲಿ ಏಳು ದಿನದ ವಾರವೂ ಭಾನುವಾರವೂ ತಿರುಗಿ ಬಂದವು. ದೇವರನ್ನು ಒಪ್ಪದ ಸರಕಾರ ಇದನ್ನು ಕಂಡುಕೊಂಡದ್ದರಿಂದ ಈ ಸಾಕ್ಷ್ಯದ ತೂಕ ಇನ್ನೂ ಹೆಚ್ಚು. ಬಿಡುವು ಅನ್ನದಂತೆ ತಟ್ಟೆ ತಟ್ಟೆಗೆ ಬಡಿಸಿ ಮುಗಿಸುವ ಪದಾರ್ಥವಾಗಿದ್ದರೆ ಆ ವ್ಯವಸ್ಥೆ ಗೆಲ್ಲಬೇಕಿತ್ತು. ಅದು ಊಟದ ಪಂಕ್ತಿಯಂಥದ್ದು. ಎಲ್ಲರೂ ಕೂತಾಗಲೇ ಪಂಕ್ತಿ.

ಇದೆಲ್ಲ ಪರರ ಮಾತಾಯಿತು, ನಮ್ಮ ಪರಂಪರೆಯಲ್ಲಿ ಕೆಲಸವೇ ಪೂಜೆಯಲ್ಲವೇ ಎಂಬ ಆಕ್ಷೇಪ ಬಲವಾದದ್ದು. ಯಾರೂ ಕ್ಷಣಕಾಲವೂ ಕರ್ಮವಿಲ್ಲದೆ ಇರಲಾರರು ಎನ್ನುತ್ತದೆ ಗೀತೆ. ಶರಣರು ಕಾಯಕವನ್ನೇ ಮುಕ್ತಿಯ ನೆಲೆಯೆಂದರು. ಹಾಗಿದ್ದರೆ ನಿಲ್ಲುವುದು ಏಕೆ, ಫಲದ ಆಸೆ ಬಿಟ್ಟು ದುಡಿದರೆ ದುಡಿಮೆಯೇ ವಿಶ್ರಾಂತಿಯಲ್ಲವೇ? ಕಾಯಕದ ಮಾತನ್ನು ದುಡಿಮೆಯ ಹೊಗಳಿಕೆಯೆಂದು ಮಾತ್ರ ಓದುವವರು ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕತೆಯನ್ನು ಪೂರ್ತಿ ನೆನೆಯಬೇಕು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಎಂದಳು. ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲೂ ಆಯ್ದುಕೊಳ್ಳುವ ಕತೆಯೇ ಇದೆ. ಮರಳುಗಾಡಿನಲ್ಲಿ ಬಿದ್ದ ಮನ್ನವೆಂಬ ಆಹಾರವನ್ನು ಜನ ಅಂದಂದಿಗೆ ಬೇಕಾದಷ್ಟು ಆಯಬೇಕು, ನಾಳೆಗೆಂದು ಕೂಡಿಟ್ಟರೆ ಹುಳ ಬೀಳುತ್ತದೆ. ಆರನೆಯ ದಿನ ಮಾತ್ರ ಎರಡು ದಿನದ್ದು ಸಿಗುತ್ತದೆ, ಏಳನೆಯ ದಿನ ಆಯಲು ಹೋಗಬಾರದು. ಪರಸ್ಪರ ಅರಿಯದ ಎರಡು ಲೋಕಗಳು ನೆಲದಿಂದ ಕಾಳು ಆಯುವ ಕೈಯನ್ನೇ ಹಿಡಿದು ಇಷ್ಟು ಸಾಕು ಎಂದಿವೆ. ಸಾಕು ಎನ್ನಲು ಬಾರದವನ ಕೆಲಸ ಕಾಯಕವಾಗುವುದಿಲ್ಲ, ಅವನ ರಜೆ ಬಿಡುವಾಗುವುದೂ ಇಲ್ಲ. ಕರ್ನಾಟಕದ ಅನೇಕ ಊರುಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದಿರುವ ಕಟ್ಟು ಕೂಡ ಇದೇ ಬುದ್ಧಿಯದು. ಅದು ಬಸವಣ್ಣನ ದಿನ, ಎತ್ತಿನ ದಿನ. ರೈತ ತನಗೆ ದಣಿವಾಯಿತೆಂದು ನಿಲ್ಲುವುದಿಲ್ಲ, ಎತ್ತಿನ ದೆಸೆಯಿಂದ ನಿಲ್ಲುತ್ತಾನೆ, ಆ ನೆಪದಲ್ಲಿ ಅವನ ಬೆನ್ನೂ ನೆಟ್ಟಗಾಗುತ್ತದೆ. ಬಿಡುವು ಎಂಬ ಮಾತಿನಲ್ಲೇ ಬಿಡುವುದು ಇದೆಯಲ್ಲ. ಉಳುವವರು ಎತ್ತು ಬಿಡುವ ಹೊತ್ತು ಎಂದಾಗ ಬಿಡುಗಡೆ ಎತ್ತಿನದೂ ಹೌದು, ಉಳುವವನದೂ ಹೌದು.

ಭಾನುವಾರವನ್ನೇ ಎಲ್ಲರ ಮೇಲೆ ಹೇರುವುದು ಕ್ರೈಸ್ತರಲ್ಲದವರಿಗೆ ಅನ್ಯಾಯವಲ್ಲವೇ? ಹೌದು, ಅದರಲ್ಲಿ ಒಂದು ಅಸಮತೆ ಇದ್ದೇ ಇದೆ. ಬುಧವಾರ ಬಿದ್ದ ಯುಗಾದಿಗೆ ಜರ್ಮನಿಯಲ್ಲಿ ರಜೆಯಿಲ್ಲ. ಈದ್‌ಗೂ ಯೆಹೂದ್ಯರ ಯೋಮ್ ಕಿಪ್ಪೂರಿಗೂ ಸಾರ್ವತ್ರಿಕ ರಜೆಯಿಲ್ಲ. ಆದ್ದರಿಂದ ಹೊರನಾಡಿನ ಕನ್ನಡ ಸಂಘಗಳು ಯುಗಾದಿಯನ್ನೂ ಗಣೇಶನನ್ನೂ ರಾಜ್ಯೋತ್ಸವವನ್ನೂ ಹತ್ತಿರದ ಶನಿವಾರಕ್ಕೋ ಭಾನುವಾರಕ್ಕೋ ತಳ್ಳಿ ಬಾಡಿಗೆ ಸಭಾಂಗಣದಲ್ಲಿ ಆಚರಿಸುತ್ತವೆ. ತಿಥಿ ತಪ್ಪಿತೆಂದು ಕೊರಗುವ ಹಿರಿಯರ ನೋವು ಸುಳ್ಳಲ್ಲ. ಚಂದ್ರನನ್ನು ನೋಡಿ ಬದುಕಿದ ಪರಂಪರೆ ಆಫೀಸಿನ ಕ್ಯಾಲೆಂಡರಿಗೆ ತಲೆಬಾಗುವುದು ನಿಜವಾದ ನಷ್ಟ, ಅದಕ್ಕೆ ನನ್ನಲ್ಲಿ ಸಮಾಧಾನವಿಲ್ಲ. ಆದರೂ ಆ ಸಂಘಗಳ ಆಯ್ಕೆಯನ್ನು ಗಮನಿಸಿ. ತಿಥಿಯಂದು ಕೋಣೆಯಲ್ಲಿ ಒಬ್ಬೊಬ್ಬರೇ ಬೇವುಬೆಲ್ಲ ತಿನ್ನುವುದು, ತಿಥಿ ಕಳೆದ ಮೇಲೆ ನೂರು ಜನ ಕೂಡಿ ಹೋಳಿಗೆ ಉಣ್ಣುವುದು, ಇವೆರಡರಲ್ಲಿ ಅವರು ಕೂಡುವುದನ್ನು ಆರಿಸಿಕೊಂಡರು. ಕೂಡಲು ಒಂದು ದಿನ ಎಲ್ಲರಿಗೂ ಖಾಲಿ ಇರಬೇಕಿತ್ತು, ಇತ್ತು. ಭಾನುವಾರ ಹುಟ್ಟಿನಿಂದಲೂ ಒಂದೇ ಮತದ ಸೊತ್ತಲ್ಲ. 321ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಅದನ್ನು ವಿಶ್ರಾಂತಿಯ ದಿನ ಮಾಡಿದಾಗ ಆಜ್ಞೆಯಲ್ಲಿ ಕರೆದದ್ದು ಸೂರ್ಯನ ದಿನವೆಂದು, ನಾವು ಕರೆಯುವ ಹಾಗೆಯೇ. (ಹೊಲದ ಕೆಲಸಕ್ಕೆ ಆ ಆಜ್ಞೆ ವಿನಾಯಿತಿ ಕೊಟ್ಟಿತು, ನಮ್ಮ ಎತ್ತಿಗಿದ್ದ ಭಾಗ್ಯ ರೋಮಿನ ರೈತನಿಗೆ ಇರಲಿಲ್ಲ.) ನಮ್ಮ ದೇಶದಲ್ಲೂ ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ 1890ರಲ್ಲಿ ಬಂದದ್ದು ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ. ಅದು ಖಂಡೋಬಾನ ದಿನವೆಂಬುದೂ ಅವರ ವಾದದಲ್ಲಿತ್ತು. ಆ ಖಂಡೋಬಾನೇ ನಮ್ಮ ಮೈಲಾರಲಿಂಗ.

ಉಳಿದದ್ದು ನನಗೆ ಎಲ್ಲಕ್ಕಿಂತ ಕಷ್ಟದ ಆಕ್ಷೇಪ. ಜರ್ಮನಿಯ ಭಾನುವಾರ ನಿಜವಾಗಿ ಎಲ್ಲರದೇ? ಅಂದು ಹೋಟೆಲು, ಆಸ್ಪತ್ರೆ, ರೈಲು ನಡೆಯುತ್ತವೆ. ಬರ್ಲಿನ್ನಿನ ಬೀದಿಗಳಲ್ಲಿ ಬೆನ್ನಿಗೆ ಚೌಕದ ಚೀಲ ಕಟ್ಟಿಕೊಂಡು ಸೈಕಲ್ ತುಳಿದು ಮನೆಮನೆಗೆ ಊಟ ಮುಟ್ಟಿಸುವವರಲ್ಲಿ ಭಾರತದಿಂದ ಓದಲು ಹೋದ ಹುಡುಗರು ಕಡಿಮೆಯಿಲ್ಲ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬಂದ ವಿದ್ಯಾರ್ಥಿ ವರ್ಷಕ್ಕೆ 140 ಪೂರ್ಣ ದಿನ ದುಡಿಯಬಹುದೆಂದು 2024ರಿಂದ ನಿಯಮವಿದೆ. ತರಗತಿಯಿಲ್ಲದ ದಿನಗಳೇ ಅವನಿಗೆ ದುಡಿಮೆಯ ದಿನಗಳು. ಯಾರ ಉಸಿರನ್ನು ಕಾಯಬೇಕೆಂದು ಹಳೆಯ ಆಜ್ಞೆ ಹೆಸರು ಹಿಡಿದು ಹೇಳಿತೋ ಅದೇ ಪರದೇಶಿ ಭಾನುವಾರ ಏದುಸಿರು ಬಿಡುತ್ತಿದ್ದಾನೆ. ಇದರಿಂದ ಆ ಆದರ್ಶವೇ ಸುಳ್ಳು ಎನ್ನುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಸಾಲ ತೀರಿಸದವನನ್ನು ತೋರಿಸಿ ಸಾಲವೇ ಇರಲಿಲ್ಲ ಎನ್ನಲಾಗದು. ಜರ್ಮನಿಯ ಕಾನೂನು ಈ ಸಾಲವನ್ನು ಅರ್ಧವಾದರೂ ಒಪ್ಪಿಕೊಂಡಿದೆ: 1994ರ ಕೆಲಸದ ಅವಧಿಯ ಕಾಯಿದೆಯ ಪ್ರಕಾರ ಭಾನುವಾರ ದುಡಿಯಲೇಬೇಕಾದ ನೌಕರರಿಗೂ ವರ್ಷದಲ್ಲಿ ಕನಿಷ್ಠ 15 ಭಾನುವಾರ ಬಿಡುವಿರಬೇಕು, ದುಡಿದ ಭಾನುವಾರಕ್ಕೆ ಬದಲಾಗಿ ಎರಡು ವಾರದೊಳಗೆ ಇನ್ನೊಂದು ದಿನ ಕೊಡಬೇಕು. ಈ ಹಕ್ಕು ತನಗಿದೆಯೆಂದು ತಿಳಿಯುವುದು ಅಲ್ಲಿಗೆ ಹೋದ ಪ್ರತಿ ಹುಡುಗನಿಗೂ ವೀಸಾದ ನಿಯಮ ತಿಳಿಯುವಷ್ಟೇ ಅಗತ್ಯ. ತನಗೆ ಭಾನುವಾರ ಬಿಡುವಿರುವವನು ಊಟ ತರಿಸಲು ಫೋನು ಕೈಗೆತ್ತಿಕೊಂಡಾಗ ಶನಿವಾರದ ಹುಳಿ ಫ್ರಿಜ್ಜಿನಲ್ಲಿದೆಯೇ ಎಂದು ಒಮ್ಮೆ ನೋಡುವುದೂ ಈ ಋಣದ ಲೆಕ್ಕಕ್ಕೇ ಸೇರುತ್ತದೆ.

ಆ ಲೆಕ್ಕ ಜರ್ಮನಿಯ ಗಡಿಗೆ ಮುಗಿಯುವುದೂ ಇಲ್ಲ. ಬೇಸಿಗೆಯಲ್ಲಿ ಮ್ಯೂನಿಕ್ಕಿಗೂ ಬೆಂಗಳೂರಿಗೂ ಮೂರೂವರೆ ತಾಸಿನ ಅಂತರ. ಅಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತಾದಾಗ ಇಲ್ಲಿ ಹನ್ನೆರಡೂವರೆ. ಮಗ ವಿಡಿಯೊ ಕರೆ ಮಾಡುವ ಹೊತ್ತು. ಮಾತಿನ ನಡುವೆ ಅಮ್ಮ ಎಣ್ಣೆ ಮುಗಿಯಿತು ಎಂದರೆ ಅವನು ಅಲ್ಲಿಂದಲೇ ಆ್ಯಪ್ ತೆರೆದು ತರಿಸಿಕೊಡುತ್ತಾನೆ, ಹತ್ತು ಹದಿನೈದು ನಿಮಿಷದಲ್ಲಿ ಬಾಗಿಲಿನ ಗಂಟೆ ಬಾರಿಸುತ್ತದೆ. ಅದು ಪ್ರೀತಿಯೇ, ಸಂಶಯವಿಲ್ಲ. ಅವನು ಕೂತ ಊರಿನಲ್ಲಿ ಅದೇ ಎಣ್ಣೆಯನ್ನು ಆ ದಿನ ತರಿಸಲಾಗದಂತೆ ಕಾನೂನು ಅಂಗಡಿಯ ಹುಡುಗಿಯ ಬಿಡುವನ್ನು ಕಾಯುತ್ತಿದೆ. ಇಲ್ಲಿ ಗಂಟೆ ಬಾರಿಸಿದವನು ರಾಯಚೂರಿನಿಂದಲೋ ಕಲಬುರಗಿಯಿಂದಲೋ ಕೆಲಸ ಹುಡುಕಿ ಬೆಂಗಳೂರಿಗೆ ಬಂದವನಿರಬಹುದು, ಅವನ ತಾಯಿಯೂ ಅದೇ ಹೊತ್ತಿಗೆ ಮಗನ ಫೋನಿಗೆ ಕಾಯುತ್ತಿರಬಹುದು. ಎಣ್ಣೆ ಸೋಮವಾರ ಬಂದರೂ ಆಗುತ್ತಿತ್ತೇ ಎಂದು ಮಗ ಅಮ್ಮನನ್ನು ಕೇಳಬಹುದು.