ಶಿಸ್ತಿನ ಹೆಸರಿನಲ್ಲಿ ಹಸಿವು

ದಿನವೂ ಓಡುವ, ಈಜುವ, ಜಿಮ್‌ನಲ್ಲಿ ಬೆವರಿಳಿಸುವ ಹುಡುಗ ಹುಡುಗಿಯರು ಊಟಕ್ಕೆ ಹೆದರತೊಡಗಿದರೆ ಅದನ್ನು ತೊಂದರೆ ಎನ್ನುವವರು ಕಡಿಮೆ, ಶಿಸ್ತು ಎಂದು ಮೆಚ್ಚುವವರೇ ಹೆಚ್ಚು. ಗುರಿ ಅವರದು, ಆಯ್ಕೆ ಅವರದು, ಬಾಯಿ ಕಟ್ಟದೆ ಯಾರು ಏನು ಸಾಧಿಸಿದ್ದಾರೆ ಎಂಬುದು ಇವರ ವಾದ. ಈ ವಾದ ತಪ್ಪು, ಅಪಾಯಕಾರಿ ಕೂಡ. ದೇಹದಂಡನೆಯಿಂದ ಆತ್ಮ ಹಗುರಾಗುತ್ತದೆ ಎನ್ನುವ ಹಳೆಯ ವೈರಾಗ್ಯದ ಚರ್ಚೆಯೂ ಇಲ್ಲಿ ನೆರವಿಗೆ ಬಾರದು. ಈ ಮಕ್ಕಳು ದೇಹವನ್ನು ಮರೆಯಲು ಹೊರಟವರಲ್ಲ, ತಿದ್ದಲು ಹೊರಟವರು.

ಶಿಸ್ತಿನ ವಾದದ ಮೊದಲ ದೋಷ ಶರೀರದ ಲೆಕ್ಕದಲ್ಲಿದೆ. ತಿಂದದ್ದರಲ್ಲಿ ವ್ಯಾಯಾಮದ ಖರ್ಚು ಕಳೆದು ಉಳಿದ ಶಕ್ತಿಯಲ್ಲೇ ಮೂಳೆ, ಹಾರ್ಮೋನು, ರೋಗನಿರೋಧಕತೆ ಎಲ್ಲವೂ ನಡೆಯಬೇಕು. ಅದು ಸಾಲದಾದರೆ ಮುಟ್ಟು ನಿಲ್ಲುತ್ತದೆ, ಮೂಳೆಯಲ್ಲಿ ಸಣ್ಣ ಬಿರುಕು ಬಿಡುತ್ತದೆ. ಕ್ರೀಡಾ ವೈದ್ಯರು 1990ರ ದಶಕದಲ್ಲಿ ಇದನ್ನು ಹೆಣ್ಣುಮಕ್ಕಳ ಸಮಸ್ಯೆಯೆಂದು ಗುರುತಿಸಿದ್ದರು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಗಂಡುಮಕ್ಕಳನ್ನೂ ಸೇರಿಸಿ ‘ರೆಡ್-ಎಸ್’ (ಕ್ರೀಡೆಯಲ್ಲಿ ಸಾಪೇಕ್ಷ ಶಕ್ತಿಯ ಕೊರತೆ) ಎಂದು ಹೆಸರಿಟ್ಟರು. ಓಟದ ಹುಡುಗಿಗೆ ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ತರಬೇತಿ ಚೆನ್ನಾಗಿ ನಡೆದಿದೆ ಎಂದುಕೊಳ್ಳುವವರು ಈಗಲೂ ಇದ್ದಾರೆ. ಅಮೆರಿಕದ ಜಿಮ್ನಾಸ್ಟ್ ಕ್ರಿಸ್ಟಿ ಹೆನ್ರಿಕ್ ಅನೊರೆಕ್ಸಿಯಾದಿಂದ ಸೊರಗಿ 1994ರಲ್ಲಿ ತೀರಿಕೊಂಡಾಗ ಅವರಿಗೆ 22 ವರ್ಷ. ಅವರಲ್ಲಿ ಶಿಸ್ತಿಗೇನೂ ಕೊರತೆ ಇರಲಿಲ್ಲ.

ಎರಡನೆಯ ದೋಷ ಇನ್ನೂ ಆಳದ್ದು. ಶಿಸ್ತು ಒಂದು ಗುರಿಗೆ ಅಧೀನ. ಗುರಿ ಮುಟ್ಟಿದ ಮೇಲೆ ಸಡಿಲಾಗಬಲ್ಲದು. ಗೀಳು ಹಾಗಲ್ಲ. ಅಕ್ಕನ ಮದುವೆಗೂ ಬೇಯಿಸಿದ ಕೋಳಿಯ ಡಬ್ಬಿ ತಂದ ಹುಡುಗನೊಬ್ಬ ಪಂಕ್ತಿಯಲ್ಲಿ ಕೂತು, ಹೋಳಿಗೆ ಬೀಳದಂತೆ ಎಲೆಗೆ ಎರಡೂ ಕೈ ಅಡ್ಡ ಹಿಡಿಯುತ್ತಾನೆ. ಅವನ ಮುಂದೆ ಯಾವ ಸ್ಪರ್ಧೆಯೂ ಇಲ್ಲ. ತೋಳು ಅಂಗಿಯಲ್ಲಿ ಬಿಗಿದಿದ್ದರೂ ಕನ್ನಡಿಯಲ್ಲಿ ಅವನಿಗೆ ತಾನು ನರಪೇತಲನಾಗಿಯೇ ಕಾಣುತ್ತಾನೆ. ಅಮೆರಿಕದ ಮನೋವೈದ್ಯರ ಸಂಘ 2013ರ ಕೈಪಿಡಿಯಲ್ಲಿ ಈ ಸ್ಥಿತಿಯನ್ನು ದೇಹರೂಪದ ಗೀಳಿನ ಒಂದು ಬಗೆಯಾಗಿ ಸೇರಿಸಿತು. ನಿಲ್ಲಿಸಬೇಕೆಂದಾಗ ನಿಲ್ಲಿಸಲಾಗದ್ದು ಶಿಸ್ತಲ್ಲ. ಶಿಸ್ತನ್ನೂ ಗೀಳನ್ನೂ ಬೇರ್ಪಡಿಸುವ ಅಳತೆ ಇದೇ ಎನ್ನಬಹುದು.

ಆದರೆ ಈ ಅಳತೆಗೆ ಇಲ್ಲೊಂದು ಬಲವಾದ ಆಕ್ಷೇಪವಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಕುಸ್ತಿಪಟು ವಿನೇಶ್ ಫೋಗಟ್ ಫೈನಲ್‌ಗೂ ಮುನ್ನ ರಾತ್ರಿಯಿಡೀ ನೀರು ಬಿಟ್ಟು, ಬೆವರಿಳಿಸಿ, ಕೂದಲನ್ನೂ ಕತ್ತರಿಸಿಕೊಂಡರು, 50 ಕೆ.ಜಿ. ಮಿತಿಗಿಂತ 100 ಗ್ರಾಂ ಹೆಚ್ಚಿದ್ದುದರಿಂದ ಅನರ್ಹರಾದರು. ಅದು ಗೀಳಲ್ಲ. ಗುರಿ ಸ್ಪಷ್ಟವಿತ್ತು, ಮುಗಿದ ಕೂಡಲೇ ನಿಲ್ಲಿಸಬಹುದಿತ್ತು, ಆದರೂ ದೇಹ ಕುಸಿಯಿತು. ಅಂದರೆ ಮೇಲಿನ ಅಳತೆಯ ಪ್ರಕಾರ ಶಿಸ್ತೇ ಆದದ್ದೂ ಹಾನಿ ಮಾಡಬಲ್ಲದು.

ಇಲ್ಲಿ ತಪ್ಪು ವ್ಯಕ್ತಿಯದಲ್ಲ, ನಿಯಮದ್ದು ಎನ್ನಬಹುದು. ಅದಕ್ಕೆ ಆಧಾರವೂ ಇದೆ. 1997ರಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸುವಾಗ ಸತ್ತ ಮೇಲೆ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಉಗಿಕೋಣೆಯನ್ನೂ ರಬ್ಬರ್ ಉಡುಪನ್ನೂ ನಿಷೇಧಿಸಿ, ತೂಕದ ಪರೀಕ್ಷೆಯನ್ನು ಪಂದ್ಯದ ಹೊತ್ತಿಗೆ ಹತ್ತಿರ ತಂದಿತು. ಆದರೆ ಕನ್ನಡಿಯ ಮುಂದಿನ ಹುಡುಗನಿಗೆ ಬದಲಿಸಲು ಅಂಥ ನಿಯಮವೇ ಇಲ್ಲ.

ಹೀಗಾಗಿ ನಿಲ್ಲಿಸಬಲ್ಲರೇ ಎಂಬ ಅಳತೆ ಅರ್ಧ ದಾರಿಯವರೆಗೆ ಮಾತ್ರ ಸಾಗುತ್ತದೆ. ಗೀಳನ್ನು ಅದು ಗುರುತಿಸುತ್ತದೆ. ಅಲ್ಲಿ ಹೊಗಳಿಕೆಯಲ್ಲ, ಚಿಕಿತ್ಸೆ ಬೇಕು ಎನ್ನುವುದರಲ್ಲಿ ಅನುಮಾನವಿಲ್ಲ. ಗುರಿಯೇ ಹಾನಿಯನ್ನು ಬೇಡುವಲ್ಲಿ ಅದು ಸೋಲುತ್ತದೆ. ಹದಿನೈದರ ಹುಡುಗಿ ಅಂಥ ಗುರಿಗೆ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ಅಲ್ಲವೆಂದರೆ ಆ ವಯಸ್ಸಿನಲ್ಲೇ ಕಲಿಯಬೇಕಾದ ಆಟಗಳ ಬಾಗಿಲು ಮುಚ್ಚುತ್ತದೆ. ಹೌದೆಂದರೆ ಅವಳ ಮೂಳೆಯ ಹೊಣೆ ಯಾರಿಗೂ ಸೇರುವುದಿಲ್ಲ.