ಬಂಧನದ ದಾಖಲೆ ಯಾರ ಲೆಕ್ಕ?

ಅಮೆರಿಕದ ಕೆಂಟಕಿ ರಾಜ್ಯದಲ್ಲಿ 120 ಕೌಂಟಿಗಳಿವೆ. ಅವುಗಳಲ್ಲಿ ರಾಬರ್ಟ್‌ಸನ್ ಕೌಂಟಿಯಂಥವು ನಮ್ಮ ಒಂದು ದೊಡ್ಡ ಹಳ್ಳಿಯಷ್ಟೇ. 2020ರ ಗಣತಿಯಲ್ಲಿ ಅಲ್ಲಿನ ಜನಸಂಖ್ಯೆ 2,200ರ ಆಸುಪಾಸು. ಇಂಥ ಗ್ರಾಮೀಣ ಕೌಂಟಿಯಲ್ಲಿ ಶೆರಿಫ್, ಜೈಲರ್, ನ್ಯಾಯಾಲಯದ ಕ್ಲರ್ಕ್ ಮೂವರೂ ಜನರ ಓಟಿನಿಂದಲೇ ಬಂದವರು. ಜೈಲರನನ್ನು ಹೀಗೆ ಚುನಾಯಿಸುವುದು ಕೆಂಟಕಿಯ ವೈಶಿಷ್ಟ್ಯ. ಉಳಿದ ಹೆಚ್ಚಿನ ರಾಜ್ಯಗಳಲ್ಲಿ ಕೌಂಟಿ ಜೈಲು ಶೆರಿಫನ ಕೈಕೆಳಗೇ ಇರುತ್ತದೆ. ಸೋಜಿಗವೆಂದರೆ, ಇಲ್ಲಿನ ಹಲವು ಕೌಂಟಿಗಳಲ್ಲಿ ಜೈಲರ್ ಇದ್ದಾನೆ, ಜೈಲೇ ಇಲ್ಲ. ಬಂಧಿತರನ್ನು ಪಕ್ಕದ ಕೌಂಟಿಯ ಜೈಲಿಗೆ ಸಾಗಿಸುವುದೇ ಅವನ ಮುಖ್ಯ ಕೆಲಸ.

ಒಬ್ಬ ವ್ಯಕ್ತಿಯನ್ನು ಜೈಲಿನ ಬಾಗಿಲೊಳಗೆ ತಂದಾಗ ನಡೆಯುವ ದಾಖಲಾತಿಗೆ ಬುಕಿಂಗ್ ಎನ್ನುತ್ತಾರೆ. ಹೆಸರು, ಹುಟ್ಟಿದ ದಿನಾಂಕ, ಬೆರಳಚ್ಚು, ಮುಖದ ಚಿತ್ರ, ಮೈಮೇಲಿದ್ದ ವಸ್ತುಗಳ ಪಟ್ಟಿ, ಹೊರಿಸಿದ ಆರೋಪ, ಕರೆತಂದ ಅಧಿಕಾರಿ, ವೇಳೆ, ಮುಂದೆ ನಿಗದಿಯಾದ ಜಾಮೀನಿನ ಮೊತ್ತ: ಇಷ್ಟು ಅದರಲ್ಲಿರುತ್ತದೆ. ಇಂಥ ದಾಖಲೆಯನ್ನು ಹುಡುಕುವವರು ಮೊದಲು ತಿಳಿಯಬೇಕಾದದ್ದು ಆ ವ್ಯಕ್ತಿಯನ್ನು ಯಾವ ಕೌಂಟಿಯ ಜೈಲಿನಲ್ಲಿಟ್ಟಿದ್ದಾರೆ ಎಂಬುದು. ಬಂಧನವಾದದ್ದು ಒಂದೆಡೆ, ಬೀಗ ಬಿದ್ದದ್ದು ಇನ್ನೊಂದೆಡೆ ಆಗಿರಬಹುದು. ಎಷ್ಟೋ ಜೈಲುಗಳು ಅಂದಂದಿನ ಕೈದಿಗಳ ಪಟ್ಟಿಯನ್ನು ಅಂತರ್ಜಾಲದಲ್ಲಿ ಹಾಕುತ್ತವೆ. ಇಲ್ಲದಿದ್ದರೆ ಜೈಲಿಗೆ ಫೋನ್ ಮಾಡಬೇಕು, ಅಥವಾ 1976ರ ರಾಜ್ಯ ಮುಕ್ತ ದಾಖಲೆ ಕಾಯ್ದೆಯಡಿ ಬರಹದಲ್ಲಿ ಕೇಳಬೇಕು. ರಾಜ್ಯದ ಕಾರಾಗೃಹ ಇಲಾಖೆಯ ಹುಡುಕುಪಟ್ಟಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಅದು ಶಿಕ್ಷೆಯಾದವರದು. ಗುಡ್ಡಗಾಡಿನ ಊರುಗಳಲ್ಲಿ ಒಂದೇ ಮನೆತನದ ಹೆಸರು ಹತ್ತಾರು ಜನರಿಗೆ ಇರುವುದರಿಂದ ಹುಟ್ಟಿದ ದಿನಾಂಕ ತಾಳೆ ನೋಡದೆ ಹೆಸರನ್ನಷ್ಟೇ ನಂಬುವುದು ಅಪಾಯ.

ದಾಖಲೆ ಸಿಕ್ಕಿತು. ಅದು ಹೇಳುವುದೇನು? ಹುಡುಕುವ ಕೆಲಸಕ್ಕಿಂತ ಕಠಿಣವಾದದ್ದು ಈ ಪ್ರಶ್ನೆ.

ಬಂಧನವನ್ನು ಬಹಿರಂಗವಾಗಿ ಬರೆದಿಡಬೇಕು ಎಂಬ ನಿಯಮ ಹುಟ್ಟಿದ್ದು ಬಂಧಿತನನ್ನು ಕಾಪಾಡುವುದಕ್ಕೆ. ರಾತ್ರೋರಾತ್ರಿ ಎಳೆದೊಯ್ದು, ಎಲ್ಲಿದ್ದಾನೆಂದು ಹೆಂಡತಿಮಕ್ಕಳಿಗೂ ತಿಳಿಸದ ದೊರೆಗಳ ಕಾಲ ಇತ್ತು. 1679ರ ಇಂಗ್ಲೆಂಡಿನ ಹೇಬಿಯಸ್ ಕಾರ್ಪಸ್ ಕಾಯ್ದೆ ಆ ಭಯದ ಕೂಸು. ಭಾರತದಲ್ಲೂ ತರ್ಕ ಇದೇ: ಬಂಧಿತರ ಹೆಸರು, ವಿಳಾಸ, ಆರೋಪದ ಸ್ವರೂಪಗಳನ್ನು ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಪ್ರದರ್ಶಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಂ ಹೇಳುತ್ತದೆ. ಕಣ್ಣಿಡಬೇಕಾದದ್ದು ಹಿಡಿದವನ ಮೇಲೆ. ಈ ಅರ್ಥದಲ್ಲಿ ಬುಕಿಂಗ್ ದಾಖಲೆ ಕೈದಿಯ ಲೆಕ್ಕವಲ್ಲ, ಜೈಲರನ ಲೆಕ್ಕ. ಇಂಥ ದಿನ ಇಂಥವನನ್ನು ಇಂಥ ಕಾರಣಕ್ಕೆ ನಾವು ಹಿಡಿದಿಟ್ಟಿದ್ದೇವೆ ಎಂದು ಸರ್ಕಾರ ಪ್ರಜೆಗಳಿಗೆ ಒಪ್ಪಿಸುವ ಲೆಕ್ಕ.

ಓದುವವರು ಅದನ್ನು ಚಿತ್ರಗುಪ್ತನ ಕಡತದಂತೆ ಓದುತ್ತಾರೆ, ತೊಡಕು ಇಲ್ಲಿದೆ. ಚಿತ್ರಗುಪ್ತ ಬರೆಯುವುದು ಮಾಡಿದ್ದನ್ನು. ಜೈಲಿನ ಗುಮಾಸ್ತ ಬರೆಯುವುದು ಮಾಡಿದನೆಂದು ಇನ್ನೊಬ್ಬರು ಹೇಳಿದ್ದನ್ನು. ಚಿತ್ರಗುಪ್ತನ ಪುಸ್ತಕ ಬಿಚ್ಚುವುದು ಯಮನ ಸಭೆಯಲ್ಲಿ, ನೆರೆಮನೆಯ ಜಗಲಿಯಲ್ಲಿ ಅಲ್ಲ. 2022ರ ಮಧ್ಯಭಾಗದಲ್ಲಿ ಅಮೆರಿಕದ ಸ್ಥಳೀಯ ಜೈಲುಗಳಲ್ಲಿದ್ದವರಲ್ಲಿ ಹತ್ತಕ್ಕೆ ಸುಮಾರು ಏಳು ಮಂದಿಯ ಮೇಲಿನ ಆರೋಪ ಇನ್ನೂ ತೀರ್ಮಾನವಾಗಿರಲಿಲ್ಲ.

ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂಬ ಮಾತು ಇಲ್ಲಿ ಅಡ್ಡಬರುತ್ತದೆ. ನ್ಯಾಯದರ್ಶನದ ಪಾಠಗಳೆಲ್ಲ ಶುರುವಾಗುವುದೇ ಬೆಟ್ಟದ ಮೇಲಿನ ಹೊಗೆಯಿಂದ. ಆದರೆ ನೈಯಾಯಿಕರು ಆ ಅನುಮಾನಕ್ಕೆ ಒಂದು ಕರಾರು ಹಾಕಿದ್ದರು: ಹೊಗೆಗೂ ಬೆಂಕಿಗೂ ತಪ್ಪದ ನಂಟು, ಅಂದರೆ ವ್ಯಾಪ್ತಿ, ಇರಬೇಕು. ಒಂದೊಮ್ಮೆ ಜತೆಗಿದ್ದು ಒಂದೊಮ್ಮೆ ಇಲ್ಲದಿದ್ದರೆ ಆ ಹೇತು ಸವ್ಯಭಿಚಾರ, ಅದರಿಂದ ಏನೂ ಸಿದ್ಧವಾಗದು. ಬಂಧನಕ್ಕೂ ಅಪರಾಧಕ್ಕೂ ಅಂಥ ವ್ಯಾಪ್ತಿಯಿಲ್ಲ. ಹೀಗೆ ಅಕ್ಷರಶಃ ನಿಜವಾದ ಒಂದು ವಾಕ್ಯ ಓದುವವನ ಮನಸ್ಸಿನಲ್ಲಿ ಸುಳ್ಳು ತಿಳಿವಳಿಕೆಯನ್ನು ಹುಟ್ಟಿಸಬಲ್ಲದು. ಬರೆದವನದು ಸುಳ್ಳಲ್ಲ, ಓದಿದವನದು ಜ್ಞಾನವಲ್ಲ.

ಕೆಂಟಕಿಯಲ್ಲೇ ಇದು ಮೊಕದ್ದಮೆಯಾಗಿತ್ತು. 1972ರ ಕೊನೆಯಲ್ಲಿ ಲೂಯಿವಿಲ್ ನಗರದ ಪೊಲೀಸರು ಅಂಗಡಿಗಳ್ಳರೆಂದು ಕೆಲವರ ಚಿತ್ರಗಳಿರುವ ಐದು ಪುಟದ ಕರಪತ್ರವನ್ನು ಸುಮಾರು 800 ವ್ಯಾಪಾರಿಗಳಿಗೆ ಹಂಚಿದರು. ಅದರಲ್ಲಿದ್ದ ಒಬ್ಬನ ಬಂಧನವಾಗಿತ್ತೇ ಹೊರತು ಅಪರಾಧ ಸಾಬೀತಾಗಿರಲಿಲ್ಲ. ಕರಪತ್ರ ಹೊರಬಿದ್ದ ಸ್ವಲ್ಪ ದಿನಕ್ಕೇ ಪ್ರಕರಣ ವಜಾ ಆಯಿತು. ಆತ ಹೂಡಿದ ದಾವೆಯಲ್ಲಿ 1976ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ್ದು, ಬರೀ ಮಾನಹಾನಿಯಿಂದ ಸಂವಿಧಾನದತ್ತ ಸ್ವಾತಂತ್ರ್ಯಕ್ಕೆ ಭಂಗವಾಗದು ಎಂದು. ಮಾನವೇ ಪ್ರಾಣವೆಂದು ನಂಬಿದ ಸಮಾಜದವರಿಗೆ ಈ ತೀರ್ಪು ಗಂಟಲಲ್ಲಿ ಇಳಿಯುವುದು ಕಷ್ಟ.

ಹಾಗೆಂದು ದಾಖಲೆಯನ್ನು ಮುಚ್ಚಿಡುವುದೂ ಧರ್ಮವಾಗದು. ಅದೇ ಲೂಯಿವಿಲ್‌ನಲ್ಲಿ 1993ರಲ್ಲಿ ಒಬ್ಬ ತರುಣಿಯನ್ನು ಅವಳ ಮಾಜಿ ಗೆಳೆಯ ಕೊಂದ. ಅವಳ ಮೇಲಿನ ದೌರ್ಜನ್ಯಕ್ಕಾಗಿಯೇ ಜೈಲಿನಲ್ಲಿದ್ದ ಅವನು ಹೊರಬಂದದ್ದು ಅವಳಿಗೆ ತಿಳಿದಿರಲಿಲ್ಲ. ಕೈದಿ ಬಿಡುಗಡೆಯಾದ ಕೂಡಲೇ ಸಂತ್ರಸ್ತರಿಗೆ ಫೋನಿನಲ್ಲಿ ತಿಳಿಸುವ ‘ವೈನ್’ ವ್ಯವಸ್ಥೆ ಮರುವರ್ಷ ಅಲ್ಲಿಯೇ ಆರಂಭವಾಗಿ ದೇಶದ ಬಹುಭಾಗಕ್ಕೆ ಹರಡಿತು. ತಿಳಿಯುವ ಹಕ್ಕು ಇಲ್ಲಿ ಕುತೂಹಲವಲ್ಲ, ಜೀವರಕ್ಷೆ. ಹೆದರಿದ ಹೆಣ್ಣುಮಗಳು, ಮಗನನ್ನು ಹುಡುಕುವ ತಾಯಿ, ವಕೀಲ, ಪತ್ರಕರ್ತ ಇವರೆಲ್ಲ ಅದೇ ಪಟ್ಟಿಯನ್ನು ನೋಡುತ್ತಾರೆ. ಹೊತ್ತು ಹೋಗದವನೂ ನೋಡುತ್ತಾನೆ.

ಹಿಂದೆ ಇವರನ್ನು ಬೇರೆ ಬೇರೆ ಮಾಡುತ್ತಿದ್ದದ್ದು ದೂರ ಮತ್ತು ಧೂಳು. ಕೌಂಟಿ ಕಚೇರಿಗೆ ಹೋಗಿ, ಕಡತ ಕೇಳಿ, ಪುಟ ತಿರುವಬೇಕಿತ್ತು. ಅಷ್ಟು ಶ್ರಮ ಪಡುವವನಿಗೆ ಏನೋ ಕಾರಣ ಇರುತ್ತಿತ್ತು. ಚೆದುರಿಬಿದ್ದ ಕಾಗದಗಳ ಈ ಸಹಜ ಮರೆಯನ್ನು ಅಮೆರಿಕದ ಸುಪ್ರೀಂ ಕೋರ್ಟು 1989ರಲ್ಲೇ ಗುರುತಿಸಿತ್ತು. ಊರೂರಿನ ಕಡತಗಳಲ್ಲಿ ಬಿಡಿಯಾಗಿರುವ ವಿವರ ಬೇರೆ, ಒಂದೆಡೆ ಕೂಡಿಹಾಕಿದ ಜಾತಕ ಬೇರೆ ಎಂಬುದು ಅದರ ವಾದ. ಅಂತರ್ಜಾಲ ಆ ಮರೆಯನ್ನು ಕಿತ್ತೊಗೆಯಿತು. ಬಂಧಿತರ ಚಿತ್ರಗಳನ್ನು ಜೈಲುಗಳಿಂದ ಎತ್ತಿಕೊಂಡು, ತೆಗೆದುಹಾಕಲು ದುಡ್ಡು ಕೇಳುವ ದಂಧೆಯೂ ಬೆಳೆಯಿತು. ಕೆಂಟಕಿ 2016ರಲ್ಲಿ ಅದನ್ನು ನಿಷೇಧಿಸಿತು.

ಇನ್ನೊಬ್ಬರ ಹಿಂದಿನದನ್ನು ಎಷ್ಟು ಕೆದಕಬಹುದು ಎಂಬ ಪ್ರಶ್ನೆಯನ್ನು ಧರ್ಮಗಳು ಬೇರೆ ಕಡೆಯಿಂದ ಎದುರಿಸಿವೆ. ಯಹೂದಿಗಳ ಮಿಷ್ನಾದಲ್ಲಿ ಮಾತಿನಿಂದ ಮಾಡುವ ಅನ್ಯಾಯಗಳ ಸಾಲಿನಲ್ಲಿ, ಪಶ್ಚಾತ್ತಾಪಪಟ್ಟವನಿಗೆ ಅವನ ಹಳೆಯ ಕೃತ್ಯಗಳನ್ನು ನೆನಪಿಸುವುದೂ ಸೇರಿದೆ. ಕುರಾನಿನ 49ನೇ ಅಧ್ಯಾಯ ಶಂಕೆಯನ್ನೂ ಇನ್ನೊಬ್ಬರ ಗುಟ್ಟು ಕೆದಕುವುದನ್ನೂ ಒಂದೇ ಉಸಿರಿನಲ್ಲಿ ತಡೆಯುತ್ತದೆ. ಎಲ್ಲಕ್ಕಿಂತ ಆಳಕ್ಕಿಳಿಯುವುದು ಬೌದ್ಧರ ಮಜ್ಝಿಮ ನಿಕಾಯದಲ್ಲಿ ಬರುವ, ಕೊಲೆಗಡುಕನಾಗಿದ್ದ ಅಂಗುಲಿಮಾಲನ ಕಥೆ. ಐನೂರು ಕುದುರೆಯಾಳುಗಳೊಂದಿಗೆ ಅವನನ್ನು ಹಿಡಿಯಲು ಹೊರಟ ಪಸೇನದಿ ರಾಜ, ಭಿಕ್ಷುವಾಗಿ ಕೂತಿದ್ದ ಅವನನ್ನು ಕಂಡು ಚೀವರ ಕೊಡಿಸಲು ಮುಂದಾಗುತ್ತಾನೆ. ಆದರೆ ಭಿಕ್ಷೆಗೆಂದು ಸಾವತ್ಥಿಯ ಬೀದಿಗೆ ಹೋದಾಗ ಕಲ್ಲುಮಣ್ಣು ಬಿದ್ದು ಅವನ ತಲೆ ಒಡೆಯುತ್ತದೆ, ಪಾತ್ರೆ ಚೂರಾಗುತ್ತದೆ. ಅರಮನೆ ಕೈಬಿಟ್ಟರೂ ಬೀದಿ ಕೈಬಿಡಲಿಲ್ಲ. ಬುದ್ಧ ಬೀದಿಯನ್ನು ಬೈಯುವುದಿಲ್ಲ, ಇದನ್ನು ಸಹಿಸು ಎಂದು ಅಂಗುಲಿಮಾಲನಿಗೇ ಹೇಳುತ್ತಾನೆ.

ಆದರೆ ಅಂಗುಲಿಮಾಲ ಕೊಂದಿದ್ದ. ಮಿಷ್ನಾದ ಪಶ್ಚಾತ್ತಾಪಿಯೂ ತಪ್ಪು ಮಾಡಿದವನೇ. ಜೈಲಿನ ಪಟ್ಟಿಯಲ್ಲಿರುವವನ ಬಗ್ಗೆ ಕ್ಷಮೆಯ ಮಾತಾಡುವುದರಲ್ಲೇ ಒಂದು ತೀರ್ಪು ಅಡಗಿದೆ: ಕ್ಷಮಿಸಬೇಕಾದರೆ ಅಪರಾಧ ಇರಲೇಬೇಕಲ್ಲ! ತೀರ್ಮಾನವಾಗದವನಿಗೆ ಸಲ್ಲಬೇಕಾದದ್ದು ಕರುಣೆಗಿಂತ ಮೊದಲು ಸರಿಯಾದ ಓದು. ಧಾರ್ಮಿಕ ಉಪದೇಶಗಳು ಈ ವ್ಯತ್ಯಾಸವನ್ನು ಸಾಮಾನ್ಯವಾಗಿ ದಾಟಿ ಹೋಗುತ್ತವೆ.

ಕಾನೂನು ಈಚೆಗೆ ಅದನ್ನು ಗಮನಿಸತೊಡಗಿದೆ. 2020ರ ಶಾಸನದಂತೆ ಕೆಂಟಕಿಯಲ್ಲಿ ಖುಲಾಸೆಯಾದ, ಅಥವಾ ಮತ್ತೆ ಹೂಡಲಾಗದಂತೆ ವಜಾ ಆದ ಪ್ರಕರಣದ ದಾಖಲೆ 30 ದಿನಗಳ ನಂತರ ಅರ್ಜಿಯಿಲ್ಲದೆಯೇ ಅಳಿಸಲ್ಪಡುತ್ತದೆ. 2021ರ ಮಾರ್ಚ್ 27ರಿಂದೀಚೆಗಿನ ಪ್ರಕರಣಗಳಿಗೆ ಇದು ಅನ್ವಯ. ಅಳಿಸಿದ್ದು ನಿಜವಾಗಿ ಅಳಿಯುತ್ತದೆಯೇ ಎಂಬುದು ಬೇರೆ ಮಾತು. ಪೆನ್ಸಿಲ್ವೇನಿಯಾದ ಬಕ್ಸ್ ಕೌಂಟಿಯ ಅಂತರ್ಜಾಲ ಪಟ್ಟಿಯಲ್ಲಿ, ನ್ಯಾಯಾಲಯ ಅಳಿಸಲು ಹೇಳಿದ್ದ 1998ರ ಬಂಧನವೊಂದು ವರ್ಷಗಳ ಬಳಿಕವೂ ಕಾಣಿಸುತ್ತಿತ್ತು. 2019ರಲ್ಲಿ ಜ್ಯೂರಿ, ಕೌಂಟಿಯು ಪಟ್ಟಿಯಲ್ಲಿದ್ದ ಸಾವಿರಾರು ಜನರಿಗೆ ತಲಾ 1,000 ಡಾಲರ್ ದಂಡ ತೆರಬೇಕೆಂದಿತು. ಅಮೆರಿಕಕ್ಕೆ ವೀಸಾ ಬೇಡುವ ಕನ್ನಡಿಗರೂ ಇದರ ಒಂದು ತುದಿಯನ್ನು ಮುಟ್ಟಿರುತ್ತಾರೆ. ಅರ್ಜಿ ನಮೂನೆ ಕೇಳುವುದು ಶಿಕ್ಷೆಯಾಗಿದೆಯೇ ಎಂದಷ್ಟೇ ಅಲ್ಲ, ಎಂದಾದರೂ ಬಂಧನವಾಗಿತ್ತೇ ಎಂದೂ.

ಆದ್ದರಿಂದ ಹುಡುಕಾಟ ಜೈಲಿನ ಪಟ್ಟಿಗೆ ನಿಲ್ಲುವಂಥದ್ದಲ್ಲ. ಆರೋಪ ಮುಂದೇನಾಯಿತು ಎಂಬುದು ಇರುವುದು ಕೌಂಟಿ ನ್ಯಾಯಾಲಯದ ಸರ್ಕ್ಯೂಟ್ ಕ್ಲರ್ಕ್ ಕಚೇರಿಯಲ್ಲಿ: ಆರೋಪ ಕೈಬಿಟ್ಟರೋ, ಇಳಿಸಿದರೋ, ತಪ್ಪೊಪ್ಪಿಗೆಯಾಯಿತೋ, ಖುಲಾಸೆಯೋ. ಅಲ್ಲಿ ಪ್ರಕರಣವೇ ಸಿಗದಿದ್ದರೆ, ಅದು ಕಾನೂನಿನ ಪ್ರಕಾರ ಅಳಿಸಿಹೋಗಿರಬಹುದು. ಆಗ ಹುಡುಕುವವನ ಕೈಯಲ್ಲಿರುವ ಹಳೆಯ ಪಟ್ಟಿಯ ಪ್ರತಿಗೆ ಆಧಾರವಾಗಿ ಯಾವ ಕಡತವೂ ಉಳಿದಿರುವುದಿಲ್ಲ.