ಮುನ್ನರಿವಿನ ಹೊಣೆ

ಗಣಕಯಂತ್ರದ ತೆರೆಯ ಮೇಲೆ ಒಂದು ಕಟ್ಟಡವನ್ನು ಸಾವಿರ ಸಲ ಸಿಡಿಸಬಹುದು. ಒಂದು ಹನಿ ರಕ್ತವೂ ಚೆಲ್ಲುವುದಿಲ್ಲ. ಉಕ್ಕಿನ ಸಲಾಕೆ ಹುದುಗಿದ ಕಾಂಕ್ರೀಟು ಕಂಬವನ್ನು ಲೆಕ್ಕದಲ್ಲಿ ಸಣ್ಣ ತುಣುಕುಗಳಾಗಿ ವಿಂಗಡಿಸಿ, ಸ್ಫೋಟದ ಒತ್ತಡಕ್ಕೆ ಪ್ರತಿಯೊಂದು ತುಣುಕೂ ಎಷ್ಟು ಬಾಗಿತು, ಎಲ್ಲಿ ಸೀಳಿತು ಎಂಬುದನ್ನು ಯಂತ್ರವು ಎಣಿಸಿ ತೋರಿಸುತ್ತದೆ.

ಇಂಥ ಲೆಕ್ಕಕ್ಕೆ ಬಳಸುವ ಡೈನಾ ಎಂಬ ಪ್ರೋಗ್ರಾಂ 1976ರಲ್ಲಿ ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಹುಟ್ಟಿದ್ದು ಅಣ್ವಸ್ತ್ರಗಳ ಸಲುವಾಗಿ. ಕೊಲ್ಲುವುದಕ್ಕೆಂದು ಹುಟ್ಟಿದ ವಿದ್ಯೆ ಕಾಯುವುದಕ್ಕೆ ಬಂದಿದೆ. ಇದರಲ್ಲಿ ಸೋಜಿಗವೇನೂ ಇಲ್ಲ. ವಿಷವೈದ್ಯನಿಗೂ ವಿಷದ ಗುಣ ತಿಳಿದಿರಲೇಬೇಕಷ್ಟೆ. ಹೆಚ್ಚು ಕಠಿಣವಾದ ಪ್ರಶ್ನೆ ಬೇರೊಂದಿದೆ.

1995ರ ಏಪ್ರಿಲ್ 19ರಂದು ಅಮೆರಿಕದ ಓಕ್ಲಹಾಮ ನಗರದಲ್ಲಿ, ಮರ್ರಾ ಸರಕಾರಿ ಕಟ್ಟಡದೆದುರು ಲಾರಿಯಲ್ಲಿ ತಂದಿಟ್ಟ ಬಾಂಬು ಸಿಡಿದು 168 ಜನ ಸತ್ತರು. ಅವರಲ್ಲಿ 19 ಮಂದಿ ಮಕ್ಕಳು. ಸ್ಫೋಟಕ್ಕೆ ಮುರಿದದ್ದು ಕೆಲವೇ ಕಂಬಗಳು. ಆದರೆ ಮುಂಭಾಗದ ಮೇಲಂತಸ್ತುಗಳ ಭಾರವನ್ನು ಒಂದು ದೊಡ್ಡ ತೊಲೆ ಹೊತ್ತು, ದೂರ ದೂರವಿದ್ದ ಆ ಕಂಬಗಳಿಗೆ ದಾಟಿಸುತ್ತಿತ್ತು. ಕಂಬ ಹೋಯಿತು, ತೊಲೆ ಬಿತ್ತು, ಒಂಬತ್ತು ಅಂತಸ್ತಿನ ಕಟ್ಟಡದ ಅರ್ಧದಷ್ಟು ಕುಸಿಯಿತು. ಹೆಚ್ಚಿನವರನ್ನು ಬಲಿ ತೆಗೆದುಕೊಂಡದ್ದು ಈ ಕುಸಿತವೇ. ಭೂಕಂಪದ ಪ್ರದೇಶಗಳಲ್ಲಿ ಮಾಡುವಂತೆ ಸಲಾಕೆಗಳನ್ನು ಒತ್ತಾಗಿ ಹೆಣೆದಿದ್ದರೆ ನಷ್ಟ ಬಹಳ ಕಡಿಮೆಯಾಗುತ್ತಿತ್ತೆಂದು ಎಂಜಿನಿಯರರು 1996ರಲ್ಲಿ ವರದಿ ಕೊಟ್ಟರು.

ಕೊಂದವನ ಪಾಪ ಕೊಂದವನದೇ; ಅದನ್ನು ಕಟ್ಟಿದವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಂದಿನ ನಿಯಮ ಅಷ್ಟನ್ನು ಕೇಳಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತದೆ ಗಾದೆ. ಆದರೆ ಇಂದು ಕೆಡುವ ಮೊದಲೇ ಬುದ್ಧಿ ಹೇಳುವ ಯಂತ್ರ ನಮ್ಮೆದುರಿಗಿದೆ. ಹಾಗಿರುವಾಗ ‘ನಮಗೆ ತಿಳಿದಿರಲಿಲ್ಲ’ ಎಂಬ ಸಮಾಧಾನ ಇನ್ನು ಸಲ್ಲುವುದೇ?

ಎಲ್ಲ ಮನೆಗಳನ್ನೂ ಕೋಟೆಯಾಗಿ ಕಟ್ಟಲಾಗದು, ನಿಜ. ಅದೇ ಹಣದಿಂದ ಶಾಲೆ ನಡೆಯಬೇಕು, ಆಸ್ಪತ್ರೆ ನಡೆಯಬೇಕು. ಆದುದರಿಂದ ಲೆಕ್ಕ ಹಾಕುವ ಮೊದಲು ಯಾರೋ ಒಬ್ಬರು ಬಾಂಬಿನ ತೂಕವನ್ನು ನಿಶ್ಚಯಿಸುತ್ತಾರೆ. ಇದಕ್ಕಿಂತ ದೊಡ್ಡದು ಬಂದರೆ ಬರಲಿ ಎಂದು ಗೆರೆ ಎಳೆಯುತ್ತಾರೆ. ಆ ಗೆರೆಯನ್ನು ಎಳೆಯುವುದು ಯಂತ್ರವಲ್ಲ, ಮನುಷ್ಯ. ಯಂತ್ರ ಹೇಳಿತು ಎಂದು ಅವನು ಮರೆಯಲ್ಲಿ ನಿಲ್ಲುವುದೇ ಅಧರ್ಮ.

ಗೆರೆ ಎಳೆಯುವುದು ತಪ್ಪಲ್ಲ. ಆದರೆ ಆ ಸೂರಿನ ಕೆಳಗೆ ದಿನವೂ ಕೂತು ದುಡಿಯುವವರಿಗೆ, ಅಲ್ಲಿ ಮಕ್ಕಳನ್ನು ಬಿಟ್ಟುಹೋಗುವ ತಾಯಂದಿರಿಗೆ, ಅದು ಎಲ್ಲಿದೆಯೆಂದು ಹೇಳಿ ಅವರ ಒಪ್ಪಿಗೆ ಪಡೆಯುವಷ್ಟು ಪ್ರಾಮಾಣಿಕತೆಯಾದರೂ ಬೇಡವೇ?